ಅಂತರರಾಷ್ಟ್ರೀಯ ಅಧ್ಯಯನ: ಪ್ರವೇಶಕ್ಕೆ ಬೇಕಾದ ಜಾತಿ ಪ್ರಮಾಣಪತ್ರ

ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಅಧ್ಯಯನ ಶಾಲೆಯು 1955ರಲ್ಲಿ ಪ್ರತ್ಯೇಕ ಸಂಸ್ಥೆಯಾಗಿ ಆರಂಭಗೊಂಡು, 1970ರಲ್ಲಿ ವಿಶ್ವವಿದ್ಯಾಲಯದಲ್ಲಿ ವಿಲೀನವಾಯಿತು. ಇಲ್ಲಿನ ರಾಜ್ಯಶಾಸ್ತ್ರ ಎಂ.ಎ. ಪ್ರವೇಶಕ್ಕೆ ವಾಣಿಜ್ಯ ಪದವೀಧರರೂ ಅರ್ಜಿ ಸಲ್ಲಿಸಬಹುದು. ಆಯ್ಕೆಯು ಸಿಯುಇಟಿ ಮೂಲಕ ನಡೆಯುತ್ತದೆ.

ಹನುಮಂತನಗರದ ಹಿಂದುಳಿದ ವರ್ಗಗಳ ಅಭ್ಯರ್ಥಿಗಳು ಗಮನಿಸತಕ್ಕದ್ದೇನೆಂದರೆ, ರಾಜ್ಯದ ಪ್ರವರ್ಗ 2ಎ, 3ಬಿ ಮುಂತಾದ ಪ್ರಮಾಣಪತ್ರಗಳು ಕೇಂದ್ರೀಯ ವಿಶ್ವವಿದ್ಯಾಲಯದ ಮೀಸಲಾತಿಗೆ ಸಲ್ಲುವುದಿಲ್ಲ. ಜಾತಿಯು ಕೇಂದ್ರದ ಪಟ್ಟಿಯಲ್ಲಿರಬೇಕು; ಕೆನೆಪದರಕ್ಕೆ ಸೇರಿಲ್ಲವೆಂಬ ಪತ್ರವನ್ನು ಕೇಂದ್ರದ ನಮೂನೆಯಲ್ಲಿಯೇ ತಹಶೀಲ್ದಾರರಿಂದ ಪಡೆಯಬೇಕು. ವಾರ್ಷಿಕ ವರಮಾನದ ಮಿತಿಯು 2017ರಿಂದ 8 ಲಕ್ಷ ರೂಪಾಯಿ. ಸರ್ಕಾರಿ ನೌಕರರಾದ ತಂದೆತಾಯಿಯರ ವೇತನ ಹಾಗೂ ಕೃಷಿ ವರಮಾನವನ್ನು ಇದಕ್ಕೆ ಸೇರಿಸುವುದಿಲ್ಲ. ಆದರೆ ಗ್ರೂಪ್ ಎ ಅಧಿಕಾರಿಗಳ ಮಕ್ಕಳಿಗೆ ನಿಯಮ ಬೇರೆ. ಫಲಿತಾಂಶಕ್ಕಾಗಿ ಕಾಯದೆ ನಾಡಕಚೇರಿಯಲ್ಲಿ ಮೊದಲೇ ಅರ್ಜಿ ಸಲ್ಲಿಸುವುದು ಒಳಿತು. ತಡವಾದಲ್ಲಿ ದಾಖಲೆ ಪರಿಶೀಲನೆಯ ದಿನಕ್ಕೆ ಪತ್ರ ಕೈಸೇರದೆ ಸೀಟು ತಪ್ಪಬಹುದು.