ಹಳೆಯ ಗುಲಾಬಿಗೆ ಹೊಸ ಚಿಗುರು

ತಂದೆಯವರು ಹಾಸಿಗೆ ಹಿಡಿದಿದ್ದ ಎರಡು ವರ್ಷಗಳ ಕಾಲ ನಮ್ಮ ಹಿತ್ತಲಿನ ಗುಲಾಬಿಯತ್ತ ಯಾರೂ ಗಮನ ಹರಿಸಲಿಲ್ಲ. ದಿನವೂ ಪೂಜೆಗೆ ಹೂವು ಕೊಡುತ್ತಿದ್ದ ಗಿಡವು ಆಳೆತ್ತರ ಬೆಳೆದು, ಒಣಕಡ್ಡಿಗಳ ಪೊದೆಯಾಗಿ, ತುದಿಯಲ್ಲೊಂದು ಬಡಕಲು ಮೊಗ್ಗನ್ನು ಹೊತ್ತು ನಿಂತಿತ್ತು. ಕಿತ್ತೊಗೆಯಲೆಂದು ನಾವು ಗುದ್ದಲಿ ಹಿಡಿದಾಗ, ಕುರ್ಚಿಯಲ್ಲಿ ಕುಳಿತುಕೊಳ್ಳುವಷ್ಟು ಚೇತರಿಸಿಕೊಂಡಿದ್ದ ತಂದೆಯವರು ತಡೆದರು. “ಕೀಳಬೇಡಿ. ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವವಿದೆ” ಎಂದರು. ಕೆರೆದು ನೋಡಿದೆವು. ಹಸಿರಿತ್ತು.

ಇಂತಹ ಗಿಡವನ್ನು ಉಳಿಸಿಕೊಳ್ಳುವ ಬಗೆಯನ್ನೂ, ಆ ಕೆಲಸದಲ್ಲಿ ನಮ್ಮ ಕೈಯನ್ನು ಕಾಪಾಡಿಕೊಳ್ಳುವ ಬಗೆಯನ್ನೂ ಸದ್ಭಕ್ತರ ಮುಂದಿಡುವುದು ಈ ಲೇಖನದ ಉದ್ದೇಶ.

ಸವರುವ ಕ್ರಮ

ನಮ್ಮ ಬಯಲುಸೀಮೆಯಲ್ಲಿ ಗುಲಾಬಿಯನ್ನು ಸವರಲು ಮಳೆ ನಿಂತ ಮೇಲಿನ ಅಕ್ಟೋಬರ್ ತಿಂಗಳು ಸೂಕ್ತ. ಬಿರುಬೇಸಿಗೆಯಲ್ಲಿ ಸವರಿದರೆ ಎಳೆ ಚಿಗುರು ಬಾಡುತ್ತದೆ. ಮೊದಲಿಗೆ ಒಣಗಿದ ಕಡ್ಡಿಗಳನ್ನು ಬುಡದವರೆಗೂ ತೆಗೆಯಬೇಕು. ಅರ್ಧ ಒಣಗಿದ ಕೊಂಬೆಯನ್ನು ಸ್ವಲ್ಪ ಸ್ವಲ್ಪವಾಗಿ ಕತ್ತರಿಸುತ್ತ ಬಂದರೆ ಒಳತಿರುಳು ಕಂದುಬಣ್ಣದಿಂದ ಬಿಳಿಗೆ ತಿರುಗುವ ಸ್ಥಳ ಸಿಗುತ್ತದೆ. ಆರೋಗ್ಯವಿರುವುದು ಅಲ್ಲಿಂದ ಕೆಳಗೆ. ಒಂದಕ್ಕೊಂದು ಉಜ್ಜುವ ಕೊಂಬೆಗಳಲ್ಲಿ ದುರ್ಬಲವಾದುದನ್ನು ತೆಗೆಯಬೇಕು. ಉಳಿದ ನಾಲ್ಕೈದು ಬಲವಾದ ಕೊಂಬೆಗಳನ್ನು ಸುಮಾರು ಅರ್ಧ ಎತ್ತರಕ್ಕೆ, ಹೊರಮುಖವಾಗಿರುವ ಕಣ್ಣಿನ ಮೇಲೆ ಅರ್ಧ ಸೆಂಟಿಮೀಟರ್ ಬಿಟ್ಟು, ಓರೆಯಾಗಿ ಕತ್ತರಿಸಬೇಕು. ಹೊಸ ಚಿಗುರು ಹೊರಕ್ಕೆ ಹರಡಿದರೆ ಗಿಡದ ನಡುವೆ ಗಾಳಿಬೆಳಕು ಆಡುತ್ತದೆ.

ಕಸಿ ಗಂಟಿನ ಕೆಳಗಿನಿಂದ ಹೊರಡುವ ಚಿಗುರನ್ನು ಮಾತ್ರ ಉಳಿಸಲೇಬಾರದು. ಅದು ಬೇರು ಕೊಟ್ಟ ಕಾಡುಗುಲಾಬಿಯದು. ಬಿಟ್ಟರೆ ಮೇಲಿನ ಒಳ್ಳೆಯ ತಳಿಯ ಆಹಾರವನ್ನೆಲ್ಲ ತಾನೇ ಕಬಳಿಸುತ್ತದೆ. ಅದರ ಹುಲುಸಾದ ಎಲೆಗಳನ್ನು ಕಂಡು ಗಿಡ ಚೇತರಿಸಿತೆಂದು ನಾವೂ ಕೆಲವು ದಿನ ಮೋಸಹೋಗಿದ್ದೆವು.

ಕತ್ತರಿಸಿದ ಗಾಯದ ಮೂಲಕ ಶಿಲೀಂಧ್ರ ಸೇರಿದರೆ ಕೊಂಬೆಯು ತುದಿಯಿಂದ ಕೆಳಕ್ಕೆ ಒಣಗುತ್ತ ಬರುತ್ತದೆ. ಆದುದರಿಂದ ಮೈಲುತುತ್ತ ಮತ್ತು ಸುಣ್ಣ ಸೇರಿಸಿ ಮಾಡಿದ ಬೋರ್ಡೋ ಮುಲಾಮನ್ನು ಅಂದೇ ಹಚ್ಚಬೇಕು. ಬುಡದ ಮಣ್ಣನ್ನು ಹಗುರವಾಗಿ ಸಡಿಲಿಸಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ ನೀರುಣಿಸಬೇಕು. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳಬೇಕು.

ಮುಳ್ಳಿನ ಗಾಯವನ್ನು ಕಡೆಗಣಿಸದಿರಿ

ಗಿಡಕ್ಕೆ ಇಷ್ಟೆಲ್ಲ ಜೋಪಾನ ಮಾಡಿದ ನಾವು ನಮ್ಮ ಕೈಯನ್ನು ಮರೆತೆವು. ಕೈಗವಸಿಲ್ಲದೆ ಕಡ್ಡಿಗಳನ್ನು ಎಳೆಯುವಾಗ ಮುಳ್ಳೊಂದು ಹೆಬ್ಬೆರಳಿನಲ್ಲಿ ಮುರಿಯಿತು. ಅರಿಸಿನ ಮೆತ್ತಿ ಸುಮ್ಮನಾದೆವು. ಮೂರನೆಯ ದಿನ ಬೆರಳು ಬಾತು ಕೆಂಪಾದಾಗ ವೈದ್ಯರ ಬಳಿ ಹೋಗಿ, ಚುಚ್ಚುಮದ್ದಿನ ಜೊತೆಗೆ ಬೈಗುಳವನ್ನೂ ಪಡೆದು ಬಂದೆವು.

ಧನುರ್ವಾಯುವಿನ ರೋಗಾಣುಗಳು ಮಣ್ಣಿನಲ್ಲಿಯೂ ಸಗಣಿಗೊಬ್ಬರದಲ್ಲಿಯೂ ಇರುತ್ತವೆ. ಗಾಯ ಸೂಜಿಮೊನೆಯಷ್ಟಿದ್ದರೂ ಆಳವಾಗಿದ್ದರೆ ಸಾಕು. ಹಿರಿಯರು ಸಹ 10 ವರ್ಷಕ್ಕೊಮ್ಮೆ ಇದರ ಲಸಿಕೆಯನ್ನು ಹಾಕಿಸಿಕೊಳ್ಳಬೇಕು. ಮಣ್ಣಾದ ಗಾಯವಾಗಿ, ಹಿಂದಿನ ಲಸಿಕೆಗೆ 5 ವರ್ಷ ಮೀರಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಮುಳ್ಳು ಚುಚ್ಚಿದ ಕೆಲವು ವಾರಗಳ ನಂತರ ಅಲ್ಲಿ ನೋವಿಲ್ಲದ ಗಂಟೆದ್ದು, ತೋಳಿನುದ್ದಕ್ಕೂ ಸಾಲಾಗಿ ಗಂಟುಗಳು ಕಾಣಿಸಿಕೊಂಡರೆ ಅದು ಶಿಲೀಂಧ್ರದ ಸೋಂಕಾಗಿರಬಹುದು. ಅದಕ್ಕೆ ತಿಂಗಳುಗಟ್ಟಲೆ ಔಷಧ ಬೇಕಾಗುತ್ತದೆ. ಮುಳ್ಳು ಚುಚ್ಚಿದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಮಧುಮೇಹಿಗಳು ದಪ್ಪ ಕೈಗವಸು, ಮುಚ್ಚಿದ ಪಾದರಕ್ಷೆಗಳಿಲ್ಲದೆ ಗಿಡದ ಬಳಿ ಹೋಗಬಾರದು. ಎಲ್ಲರೂ ಮಾಡಬೇಕಾದ ಪ್ರಥಮ ಚಿಕಿತ್ಸೆಯೆಂದರೆ, ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ತೊಳೆಯುವುದು.

ಸವರಿದ ಏಳನೆಯ ವಾರದಲ್ಲಿ ಮೊದಲ ಹೂವು ಅರಳಿತು. ಅಷ್ಟರಲ್ಲಿ ತಂದೆಯವರು ಕೋಲೂರಿಕೊಂಡು ದಿನವೂ ಬೆಳಿಗ್ಗೆ ಗಿಡದವರೆಗೆ ನಡೆಯತೊಡಗಿದ್ದರು. ಚಿಗುರು ಎಣಿಸುವ ನೆಪದಲ್ಲಿ ಇಟ್ಟ ಹೆಜ್ಜೆಗಳವು. ವೈದ್ಯರು ಎಷ್ಟು ಹೇಳಿದರೂ ಹಜಾರ ದಾಟದಿದ್ದವರು, ಅಂದು ಪೂಜೆಯ ಹೂವನ್ನು ತಾವೇ ಬಿಡಿಸಿ ತಂದರು. ಕೈಗೆ ನಾವು ಕೊಟ್ಟ ಕೈಗವಸಿತ್ತು.