ಹ್ಯೂಸ್ಟನ್ನಿನ ಹೆಪ್ಪು

ಕ್ಯಾರಲ್ಟನ್ನಿಗೆ ಹೊಸದಾಗಿ ಬಂದ ನಮ್ಮವರು ಪಕ್ಕದ ಮನೆಯಲ್ಲಿ ಮೊದಲು ಕೇಳುವುದು, "ಸ್ವಲ್ಪ ಹೆಪ್ಪು ಇದೆಯಾ?" ಒಂದು ಚಮಚ ಮೊಸರು ಹತ್ತು ಮನೆಗೆ ಹಂಚಿಹೋಗುತ್ತದೆ. ಸ್ತನ ಕ್ಯಾನ್ಸರ್ ಸಂಶೋಧನೆಯಲ್ಲೂ ಹೀಗೆ ಹಂಚಿಹೋದ ಒಂದು ಹೆಪ್ಪು ಇದೆ. ಅದು ಹುಟ್ಟಿದ್ದು ಇಲ್ಲಿಂದ ನಾಲ್ಕು ಗಂಟೆ ಡ್ರೈವ್ ದೂರದ ಹ್ಯೂಸ್ಟನ್ನಿನಲ್ಲಿ.

1973ರಲ್ಲಿ ಅಲ್ಲಿನ ಎಂ.ಡಿ. ಆಂಡರ್ಸನ್ ಆಸ್ಪತ್ರೆಯಲ್ಲಿ, ಸ್ತನ ಕ್ಯಾನ್ಸರಿದ್ದ 51 ವರ್ಷದ ಮಹಿಳೆಯ ಶ್ವಾಸಕೋಶದ ಸುತ್ತ ತುಂಬಿದ್ದ ನೀರನ್ನು ಹೊರತೆಗೆಯಲಾಯಿತು. ಅದರಲ್ಲಿ ತೇಲುತ್ತಿದ್ದ ಕ್ಯಾನ್ಸರ್ ಜೀವಕೋಶಗಳನ್ನು ರೆಲ್ಡಾ ಕಾಯೋ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಬೆಳೆಸಿದರು. ಗಡ್ಡೆಯ ತುಂಡಿನಿಂದ ಬೆಳೆಸಹೊರಟರೆ ಅದರಲ್ಲಿರುವ ಸಾಮಾನ್ಯ ಕೋಶಗಳೇ ಕಳೆಯಂತೆ ಹಬ್ಬಿಬಿಡುತ್ತವೆ. ನೀರಿನಲ್ಲಿ ಆ ತೊಂದರೆ ಕಡಿಮೆ.

ಕೋಶಗಳನ್ನು ಪೋಷಕ ದ್ರವದಲ್ಲಿಟ್ಟು 37 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕಾಯುತ್ತಾರೆ. ಅವು ಪಾತ್ರೆಯ ತಳಕ್ಕೆ ಅಂಟಿ ಹೆಚ್ಚುತ್ತವೆ. ತಳ ತುಂಬಿದಾಗ ಬಿಡಿಸಿ, ಸ್ವಲ್ಪವನ್ನು ಹೊಸ ಪಾತ್ರೆಗೆ ಹಾಕುತ್ತಾರೆ. ಉಳಿದದ್ದನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿಡಬಹುದು.

ಹೀಗೆ ಬಂದ ಎಂಡಿಎ-ಎಂಬಿ-231 ಇಂದು ಪ್ರಪಂಚದ ಲ್ಯಾಬುಗಳಲ್ಲಿದೆ. ಇದರಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರೋನ್ ಗ್ರಾಹಿಗಳಿಲ್ಲ, ಹರ್2 ಪ್ರೋಟೀನೂ ಹೆಚ್ಚಿಲ್ಲ. ಇಂಥ 'ಟ್ರಿಪಲ್ ನೆಗೆಟಿವ್' ಕ್ಯಾನ್ಸರಿಗೆ ಟಾಮಾಕ್ಸಿಫೆನ್ನಿನಂಥ ಹಾರ್ಮೋನ್ ಔಷಧ ನಾಟುವುದಿಲ್ಲ. ಬೇರೆ ದಾರಿ ಹುಡುಕುವವರು ಮೊದಲ ಪರೀಕ್ಷೆಗೆ ಈ ಕೋಶಗಳನ್ನೇ ಬಳಸುತ್ತಾರೆ. ಪಾತ್ರೆಯಲ್ಲಿ ಗೆದ್ದ ಔಷಧವೆಲ್ಲ ದೇಹದಲ್ಲಿ ಗೆಲ್ಲುವುದಿಲ್ಲ; ಆದರೆ ಮೊದಲ ಮೆಟ್ಟಿಲು ಇದೇ.

ಹೆಪ್ಪು ಕೆಟ್ಟರೆ ಮನೆಯ ಮೊಸರೆಲ್ಲ ಕೆಡುತ್ತದಲ್ಲವೆ? ಇದೇ ಸರಣಿಯ ಎಂಡಿಎ-ಎಂಬಿ-435 ಎಂಬುದನ್ನೂ ವರ್ಷಗಟ್ಟಲೆ ಸ್ತನ ಕ್ಯಾನ್ಸರ್ ಎಂದೇ ಬಳಸಿದರು. 2000ದಲ್ಲಿ ಅನುಮಾನ ಬಂತು. 2007ರಲ್ಲಿ ಡಿಎನ್‌ಎ ಹೋಲಿಸಿ ನೋಡಿದಾಗ, ಲ್ಯಾಬುಗಳಲ್ಲಿದ್ದದ್ದು ಎಂ14 ಎಂಬ ಮೆಲನೋಮಾ, ಅಂದರೆ ಚರ್ಮದ ಕ್ಯಾನ್ಸರಿನ ಕೋಶಗಳೆಂದು ತಿಳಿಯಿತು. ಎಷ್ಟೋ ಜನರ ದುಡಿಮೆಯನ್ನು ಮತ್ತೆ ಅಳೆದುನೋಡಬೇಕಾಯಿತು. ಈಗ ಅನೇಕ ವಿಜ್ಞಾನ ಪತ್ರಿಕೆಗಳು ಕೋಶಗಳ ಡಿಎನ್‌ಎ ಗುರುತನ್ನು ಕೇಳುತ್ತವೆ. ಸಾಫ್ಟ್‌ವೇರಿನವರಾದ ನಮಗೂ ಗೊತ್ತು: ಫೈಲಿನ ಹೆಸರು ನೋಡಿ ಒಳಗಿರುವುದನ್ನು ನಂಬಬಾರದು.

231ರ ಪಾತ್ರೆಯ ಮೇಲೆ ಆ ತಾಯಿಯ ಹೆಸರಿಲ್ಲ, ಬರೀ ಸಂಖ್ಯೆ. ಆಕೆಯ ಕಾಯಿಲೆ ಹರಡಿತ್ತು. ನಮ್ಮ ಮನೆಗಳಲ್ಲಿ ಹರಡುವ ಮೊದಲೇ ಪತ್ತೆಯಾಗಲಿ. 40ರಿಂದ 74ರ ವಯಸ್ಸಿನವರು ಎರಡು ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ ಮಾಡಿಸಿಕೊಳ್ಳಬೇಕೆಂಬುದು 2024ರ ಅಮೆರಿಕದ ತಜ್ಞ ಸಮಿತಿಯ ಸಲಹೆ. ಮನೆತನದಲ್ಲಿ ಈ ಕಾಯಿಲೆ ಇದ್ದರೆ ಯಾವಾಗ ಶುರುಮಾಡಬೇಕೆಂದು ವೈದ್ಯರನ್ನು ಕೇಳಿ. ಮಕ್ಕಳ ಚೆಕಪ್ಪಿಗೆ ತಪ್ಪದೆ ಹೋಗುವ ಅಮ್ಮಂದಿರೇ, ನಿಮ್ಮ ಅಪಾಯಿಂಟ್ಮೆಂಟನ್ನು ಈ ವಾರವೇ ಮಾಡಿ.