ಬಾಡಿಗೆ ಹೆಚ್ಚು, ಆದರೂ ಬೆಂಗಳೂರೇ ಯಾಕೆ?

ಲಗ್ಗೆರೆಯ ಒಂದೇ ಕೋಣೆಯ ಮನೆಯಲ್ಲಿ ಅಣ್ಣ, ಅತ್ತಿಗೆ ಮತ್ತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನಾನು ಇದ್ದೇವೆ. ಬಾಡಿಗೆ ತಿಂಗಳಿಗೆ 6 ಸಾವಿರ ರೂಪಾಯಿ. ರಾಯಚೂರು ಜಿಲ್ಲೆಯ ನಮ್ಮೂರಲ್ಲಿ ಸ್ವಂತ ಮನೆಯಿದೆ. ‘ದುಡಿದಿದ್ದೆಲ್ಲಾ ಬಾಡಿಗಿಗೇ ಹೋದ್ರ ಅಲ್ಲ್ಯಾಕ ಇರ್ಬೇಕು?’ ಎಂಬುದು ಅಪ್ಪನ ಪ್ರಶ್ನೆ.

ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರ ಸಿಗುವುದು ಕೆಲಸ ಕಳೆದುಕೊಂಡ ದಿನ.

ಅಣ್ಣ ಪೀಣ್ಯದಲ್ಲಿ ಲೇತ್ ಕೆಲಸ ಮಾಡುತ್ತಾನೆ. ಕಳೆದ ವರ್ಷ ಆರ್ಡರ್ ಇಲ್ಲವೆಂದು ಮಾಲೀಕರು ಕೆಲಸದಿಂದ ಬಿಡಿಸಿದರು. ಹತ್ತೇ ದಿನದಲ್ಲಿ ಎರಡು ಬೀದಿ ಆಚೆ ಇನ್ನೊಂದು ಕೆಲಸ ಸಿಕ್ಕಿತು. ಸುದ್ದಿ ಕೊಟ್ಟವರು ನೆಂಟರಲ್ಲ, ಟೀ ಅಂಗಡಿಯಲ್ಲಿ ಮುಖಪರಿಚಯವಿದ್ದ ಒಬ್ಬರು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರ ಲೇಖನವೊಂದರಲ್ಲಿ ಹೇಳಿದ್ದೂ ಇದನ್ನೇ. ಆಪ್ತರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ. ಹೊಸ ಕೆಲಸದ ಸುದ್ದಿ ಹೆಚ್ಚಾಗಿ ಬರುವುದು ಅಷ್ಟಾಗಿ ಪರಿಚಯವಿಲ್ಲದವರಿಂದ. ಅಂಥವರು ದಿನವೂ ಎದುರಾಗುವುದು ದೊಡ್ಡ ಊರಲ್ಲಿ.

ನಮ್ಮೂರಲ್ಲಿ ಮಳೆ ಕೈಕೊಟ್ಟರೆ ಎಲ್ಲರ ಕೆಲಸವೂ ಒಟ್ಟಿಗೇ ನಿಲ್ಲುತ್ತದೆ. ಇಲ್ಲಿ ಒಂದು ಶೆಡ್ಡಿಗೆ ಬೀಗ ಬಿದ್ದರೂ ಪಕ್ಕದ್ದು ನಡೆಯುತ್ತಿರುತ್ತದೆ.

ಇನ್ನು ಅತ್ತಿಗೆಯ ದುಡಿಮೆ. ಊರಲ್ಲಿ ಹತ್ತಿ ಬಿಡಿಸುವ ಕೆಲಸ ಮುಗಿದರೆ ಅವರ ಕೈಯಲ್ಲಿ ಕಾಸಿರುತ್ತಿರಲಿಲ್ಲ. ಇಲ್ಲಿ ಗಾರ್ಮೆಂಟ್ಸ್‌ನಲ್ಲಿ ತಿಂಗಳ ಸಂಬಳ, ಜೊತೆಗೆ ಪಿಎಫ್, ಇಎಸ್‌ಐ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚೂ ಉಳಿಯುತ್ತಿದೆ. ಇಬ್ಬರೂ ದುಡಿಯುವುದರಿಂದಲೇ ಬಾಡಿಗೆ ಕಟ್ಟಿಯೂ ಊರಿಗೆ ಒಂದಿಷ್ಟು ಕಳಿಸಲು ಆಗುತ್ತಿದೆ.

2020ರ ಲಾಕ್‌ಡೌನ್‌ನಲ್ಲಿ ಸಾವಿರಾರು ಕಾರ್ಮಿಕರು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು ಬಿಟ್ಟಿದ್ದರು. ಕೆಲವೇ ತಿಂಗಳಲ್ಲಿ ಅವರಲ್ಲಿ ಬಹಳಷ್ಟು ಮಂದಿ ಮರಳಿದರು. ನಗರದ ಮೋಹದಿಂದಲ್ಲ, ಊರಲ್ಲಿ ಕೆಲಸವಿಲ್ಲದ್ದರಿಂದ.

ಹಾಗಂತ ಇದು ಲಾಭದ ಲೆಕ್ಕವಷ್ಟೇ ಅಲ್ಲ. ಅಣ್ಣನ ಮಗಳು ಊರಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಾಳೆ. ಇಬ್ಬರೂ ಕೆಲಸಕ್ಕೆ ಹೋದರೆ ಇಲ್ಲಿ ಅವಳನ್ನು ನೋಡಿಕೊಳ್ಳುವವರಿಲ್ಲ. ವಿಡಿಯೊ ಕಾಲ್ ಮುಗಿದ ಮೇಲೆ ಅತ್ತಿಗೆ ಸ್ವಲ್ಪ ಹೊತ್ತು ಯಾರೊಂದಿಗೂ ಮಾತಾಡುವುದಿಲ್ಲ. ಇಂಥ ನಾಲ್ಕು ವರ್ಕ್‌ಶಾಪು, ಎರಡು ಗಾರ್ಮೆಂಟ್ಸ್ ನಮ್ಮ ತಾಲ್ಲೂಕಿನಲ್ಲೇ ಇದ್ದಿದ್ದರೆ ಅವರಿಬ್ಬರೂ ನಾಳೆಯೇ ಬಸ್ ಹತ್ತುತ್ತಿದ್ದರು.

ಕೆಲಸ ಹುಡುಕುತ್ತಿರುವ ಗೆಳೆಯರೇ, ಯಾವ ಊರಿಗೆ ಹೋಗಬೇಕೆಂದು ಯೋಚಿಸುವಾಗ ಸಂಬಳದಲ್ಲಿ ಬಾಡಿಗೆ ಕಳೆದು ಉಳಿಯುವುದನ್ನಷ್ಟೇ ನೋಡಬೇಡಿ. ಈ ಕೆಲಸ ಹೋದರೆ ನಡೆದುಹೋಗುವಷ್ಟು ದೂರದಲ್ಲಿ ಇನ್ನೆಷ್ಟು ಕೆಲಸಗಳಿವೆ ಎಂದೂ ಕೇಳಿಕೊಳ್ಳಿ.